ಆರು ನಿಮಿಷ ಅಲ್ಲಾಡದೆ ಕೂರಿಸುವ ಮೀಟರಮ್ಮ

ರಾತ್ರಿ ಎರಡು ಗಂಟೆ ಕಳೆದ ಮೇಲೆ ಆ ಸದ್ದು ಶುರುವಾಗುತ್ತದಂತೆ. ಗುಂಯ್ ಎಂದು, ಸೊಳ್ಳೆಯದಕ್ಕಿಂತ ಸ್ವಲ್ಪ ದಪ್ಪ ದನಿ. ಹಗಲಿನ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ. ಬೀದಿ ಮಲಗಿತೆಂದರೆ ಎದುರು ಕಟ್ಟಡದ ತಾರಸಿಯಿಂದ, ಮೊಬೈಲ್ ಟವರ್ ನಿಂತ ಕಡೆಯಿಂದ, ನೇರವಾಗಿ ಮಲಗುವ ಕೋಣೆಗೆ ಬರುತ್ತದೆ. ಮೂರು ತಿಂಗಳ ಕೂಸನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗಿದ್ದ ಬಾಣಂತಿಗೆ ಅದು ಮೊದಲು ಕೇಳಿಸಿತು. ಮರುದಿನ ಅವಳ ಓರಗಿತ್ತಿಗೆ ಕೇಳಿಸಿತು. ವಾರ ಕಳೆಯುವುದರೊಳಗೆ ಇಡೀ ಬೀದಿಗೆ ಕೇಳಿಸತೊಡಗಿತು.

ಆದ್ದರಿಂದಲೇ ಮೀಟರಮ್ಮ ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಈ ಮನೆಯ ಮೆಟ್ಟಿಲು ಹತ್ತುತ್ತಿದ್ದಾರೆ. ಹೆಗಲಲ್ಲಿ ಒಂಬತ್ತು ಕಿಲೋ ತೂಕದ ಚೀಲ, ಕಂಕುಳಲ್ಲಿ ಮೂರು ಕಾಲಿನ ಮರದ ಸ್ಟ್ಯಾಂಡು. ಫೋನು ಕೆಳಗೆ ಸ್ಕೂಟರಿನ ಸೀಟಿನಡಿ ಬೀಗದಲ್ಲಿದೆ. ಅವರ ಕೆಲಸ ನೋಡಿ ಪೇಪರಿಗೆ ಬರೆಯಲು ಜೊತೆಗೆ ಬಂದ ನನ್ನದನ್ನೂ ಅಲ್ಲೇ ಇಡಿಸಿದ್ದಾರೆ. ಕಿಟಕಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳುತ್ತಾರೆ. "ಇದು ಫ್ಯಾನು ಕಣಮ್ಮ. ಟವರ್ ಪಕ್ಕದ ಪೆಟ್ಟಿಗೇನ ತಣ್ಣಗಿಡೋ ಫ್ಯಾನು. ಬೇರಿಂಗ್ ಸವೆದಿದೆ. ತರಂಗಕ್ಕೆ ಸದ್ದಿರಲ್ಲ. ಆದರೆ ನಿದ್ದೆ ಕೆಡಿಸಿದ್ದು ನಿಜ ತಾನೆ? ಅದನ್ನೂ ಬರೀತೀನಿ, ಬದಲಾಯಿಸಲಿ."

ಅಧಿಕೃತವಾಗಿ ಅವರು ತರಂಗ ತಪಾಸಣೆಯ ತಂತ್ರಜ್ಞೆ. ಆ ಹೆಸರಿನಲ್ಲಿ ಅವರನ್ನು ಕರೆದವರು ಇಲ್ಲ. ಮೊಬೈಲ್ ಟವರಿನಿಂದ ಆರೋಗ್ಯ ಕೆಡುತ್ತಿದೆ ಎಂದು ಯಾರಾದರೂ ದೂರು ಕೊಟ್ಟರೆ, ಆ ಮನೆಗೆ ಹೋಗಿ ಅಳೆದು ಬರುವುದು ಅವರ ಕೆಲಸ. ಸ್ಟ್ಯಾಂಡಿನ ತುದಿಗೆ ಕಿತ್ತಳೆ ಗಾತ್ರದ ಬಿಳಿ ಉಂಡೆಯೊಂದನ್ನು ಸಿಕ್ಕಿಸುತ್ತಾರೆ. ಸುತ್ತಲಿನ ತರಂಗವನ್ನು ಹಿಡಿಯುವುದು ಅದೇ. ಒಂದು ಜಾಗದಲ್ಲಿ ಆರು ನಿಮಿಷ ನಿಲ್ಲಿಸಿ ಸರಾಸರಿ ತೆಗೆಯಬೇಕು. ಅಷ್ಟು ಹೊತ್ತು ಮನೆಯ ಫೋನುಗಳೆಲ್ಲ ಆಫ್, ಮನೆಯವರೆಲ್ಲ ಗೋಡೆಗೊರಗಿ ಕೂರಬೇಕು.

"ಮಾತಾಡಿದರೆ ಮೀಟರಿಗೇನೂ ಆಗಲ್ಲ," ಎನ್ನುತ್ತಾರೆ. "ಆದರೆ ಮಾತು ಶುರುವಾದರೆ ಜನ ಎದ್ದು ಕೈ ಬೀಸಿಕೊಂಡು ಓಡಾಡ್ತಾರೆ. ಅದಕ್ಕೇ ಬಾಯಿಗೂ ಬೀಗ. ದಿನಕ್ಕೆ ನಾಲ್ಕು ಮನೆ, ಮನೆಗೆ ಕಡಿಮೆ ಅಂದರೆ ಮೂರು ಜಾಗ. ಲೆಕ್ಕ ಹಾಕಿ, ಎಪ್ಪತ್ತೆರಡು ನಿಮಿಷ. ಇಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿರ್ತೀನಿ ಅಂದರೆ ನಮ್ಮನೆಯವರು ನಂಬಲ್ಲ."

ಹನ್ನೊಂದು ವರ್ಷದಿಂದ ಇದೇ ಕೆಲಸ. ಅದಕ್ಕೂ ಮೊದಲು ಅಪ್ಪನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದರು. ಅಂಗಡಿಗೆ ಗಿರಾಕಿ ಬರುವುದು ನಿಂತ ವರ್ಷ ಡಿಪ್ಲೊಮಾ ಸರ್ಟಿಫಿಕೇಟ್ ಹುಡುಕಿ ಧೂಳು ಕೊಡವಿ ಅರ್ಜಿ ಹಾಕಿದರು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆಯಂತೆ, ಮೆಟ್ಟಿಲು ಹತ್ತೋಕಾಗುತ್ತಾ ಎಂದು. ಈಗ ಎರಡೂ ಮಂಡಿಗಳು ಆ ಪ್ರಶ್ನೆಯನ್ನು ದಿನಾ ಕೇಳುತ್ತವೆ.

ಮಂಡಿಯ ನೋವಿಗಿಂತ ಹೆಚ್ಚು ಕಾಡುವುದು ಬಾಗಿಲಲ್ಲಿ ಸಿಗುವ ನೋಟ. ಕಡಿಮೆ ಬಂತು ಎಂದರೆ "ಕಂಪನಿಯವರು ಎಷ್ಟು ಕೊಟ್ಟರು?" ಎನ್ನುತ್ತಾರೆ ಮನೆಯವರು. ಹೆಚ್ಚು ಬಂತು ಎಂದರೆ ಕಂಪನಿಯವರು ಮುಖ ಗಂಟಿಕ್ಕುತ್ತಾರೆ. ಒಮ್ಮೆ ಒಬ್ಬರು ತಾರಸಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಟವರ್ ತೆಗೆಸುವವರೆಗೂ ಅಲ್ಲೇ ಇರಿ ಎಂದರಂತೆ. "ಎರಡು ಗಂಟೆ ಇದ್ದೆ. ಅಷ್ಟರಲ್ಲಿ ತಾರಸೀನೆಲ್ಲ ಅಳೆದು ಮುಗಿಸಿದೆ. ಅವರೇ ಬಂದು ತೆಗೆದರು. ಹೆಂಡತಿ ಕಳಿಸಿದ್ದು ಅಂತ ಒಂದು ಲೋಟ ಟೀ ಕೈಗಿಟ್ಟರು."

ಮಿತಿ ದಾಟಿದ ತರಂಗ ಸಿಕ್ಕೇ ಇಲ್ಲವೇ? ಸಿಕ್ಕಿದೆ, ಮೂರು ಸಲ. ಮೂರೂ ತಾರಸಿಗಳಲ್ಲಿ, ಬಟ್ಟೆ ಒಣಹಾಕುವ ಜಾಗಕ್ಕೆ ಮುಖ ಮಾಡಿ ಆಂಟೆನಾ ಕೂರಿಸಿದ್ದರು. ಮೂರನ್ನೂ ಕಂಡ ದಿನವೇ ನಿಲ್ಲಿಸಿ, ಬೇರೆ ಕಡೆಗೆ ತಿರುಗಿಸುವವರೆಗೂ ಮೀಟರಮ್ಮ ಕದಲಲಿಲ್ಲ. ಮನೆಗಳ ಒಳಗೆ ಒಮ್ಮೆಯೂ ಸಿಕ್ಕಿಲ್ಲ. "ಹಾಗಾದರೆ ಏನೂ ಆಗಲ್ಲವಾ?" ಎಂದು ನಾನು ಎರಡು ಸಲ ಕೇಳಿದೆ. ಎರಡು ಸಲವೂ ಒಂದೇ ಉತ್ತರ. "ನಾನು ಡಾಕ್ಟರಲ್ಲ. ಮಿತಿ ಎಷ್ಟಿರಬೇಕು ಅಂತ ಓದಿದವರು ಕೂತು ಹೇಳಿದ್ದಾರೆ, ಇನ್ನೂ ಓದ್ತಾ ಇರ್ತಾರೆ. ನಿಮ್ಮನೇಲಿ ಎಷ್ಟಿದೆ ಅಂತ ನಾನು ಹೇಳ್ತೀನಿ. ಅದು ಮಾತ್ರ ತಪ್ಪಲ್ಲ. ತಲೆನೋವು ಅಂದರೆ ಡಾಕ್ಟರ ಹತ್ತಿರ ಹೋಗಿ ಅಂತೀನಿ. ಟವರನ್ನ ಬೈತಾ ಕೂತು ಬಿಪಿ ನೋಡಿಸದೇ ಇದ್ದವರನ್ನ ಕಂಡಿದ್ದೀನಿ."

ಅದು ಮಾತ್ರ ತಪ್ಪಲ್ಲ ಎನ್ನುವ ಈ ಧೈರ್ಯಕ್ಕೆ ಕಾರಣ ಒಂದು ತಪ್ಪೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ನಿವೃತ್ತ ಅಂಚೆಯಣ್ಣನೊಬ್ಬರ ಮನೆಯಲ್ಲಿ ಅಂಕಿ ಎಂದೂ ಕಾಣದಷ್ಟು ಏರಿತು. ಬರೆದುಕೊಟ್ಟು ಬಂದರು. ಅಂಚೆಯಣ್ಣ ಆ ಕೋಣೆಗೆ ಬೀಗ ಜಡಿದು ವಯಸ್ಸಾದ ತಾಯಿಯನ್ನು ನಡುಮನೆಯಲ್ಲಿ ಮಲಗಿಸಿದರು. ಮೂರು ವಾರದ ನಂತರ ಮತ್ತೆ ಅಳೆದರೆ ಅಂಕಿ ನೆಲ ಕಚ್ಚಿದೆ. ಮೀಟರಮ್ಮ ಹಳೆಯ ರಿಪೋರ್ಟ್ ಹೊರತೆಗೆದರು. ಹಳೆಯ ಅಳತೆಯ ಸಮಯವನ್ನೂ ತಮ್ಮ ಫೋನಿಗೆ ಬಂದ ಕರೆಗಳ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಗ್ಯಾಸ್ ಸಿಲಿಂಡರ್ ಬಂದಿದೆ ಎಂದು ಹೇಳಲು ಗಂಡ ಆರು ಸಲ ಫೋನ್ ಮಾಡಿದ್ದರು. ದನಿ ಅಡಗಿಸಿಟ್ಟ ಫೋನು ಉಂಡೆಯಿಂದ ಒಂದು ಗೇಣು ದೂರದ ಚೀಲದಲ್ಲಿತ್ತು.

"ಸುಮ್ಮನೆ ಹೊಸ ರಿಪೋರ್ಟ್ ಕಳಿಸಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಹೋಗಿ ಹೇಳಿದೆ, ನನ್ನ ಫೋನನ್ನೇ ಅಳೆದು ನಿಮಗೆ ಕೊಟ್ಟಿದ್ದೀನಿ ಅಂತ. ಅಂಚೆಯಣ್ಣ ಬೈದರು. ಬೈಸಿಕೊಂಡೆ. ಅವರ ತಾಯಿ ಮಾತ್ರ, ನಿನ್ನ ಗಂಡ ಒಂದು ಸಿಲಿಂಡರಿಗೆ ಇಷ್ಟು ಕೂಗಾಡ್ತಾನಾ ತಾಯಿ, ನಿನ್ನದೂ ಕಷ್ಟದ ಬಾಳೇ ಅಂದರು."

ಈ ಮನೆಯಲ್ಲಿ ಇಂದು ತೀರ್ಮಾನವಾಗಬೇಕಾದದ್ದು ದೊಡ್ಡದಿದೆ. ಒಂದೇ ಮನೆಯನ್ನು ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿ ಹಂಚಿಕೊಂಡಿದ್ದಾರೆ. ಈಚೆ ಕಡೆ ಬಾಣಂತಿ, ಆಚೆ ಕಡೆ ಓರಗಿತ್ತಿ. ಟವರಿಗೆ ಹೆದರಿದ ಬಾಣಂತಿ ಕಿಟಕಿಯ ಕೋಣೆ ಬಿಟ್ಟು, ಕೂಸನ್ನು ಎತ್ತಿಕೊಂಡು ಕಿಟಕಿಯೇ ಇಲ್ಲದ ಸಾಮಾನಿನ ಕೋಣೆ ಸೇರಿ ಆರು ವಾರವಾಗಿದೆ. ಸೆಕೆಗೆ ಕೂಸಿನ ಕತ್ತೆಲ್ಲ ಬೆವರುಸಾಲೆ. ಅವಳ ಗಂಡ ಬೇರೆ ಬಡಾವಣೆಯಲ್ಲಿ ಬಾಡಿಗೆ ಮನೆ ನೋಡಿದ್ದಾನೆ. ಹೂಂ ಎನ್ನಲು ಇವತ್ತು ಸಂಜೆಯವರೆಗೆ ಗಡುವು.

ದೂರಿಗೆ ಎಂಬತ್ತಾರು ಸಹಿ ಮಾಡಿಸಿದವರು ಓರಗಿತ್ತಿ. ಕೂಸಿಗೆ ದಿನಾ ನೀರು ಹಾಕುವವರೂ ಅವರೇ. ಕಿಟಕಿಯ ಕೋಣೆಯ ಮೊದಲ ಆರು ನಿಮಿಷ ಉಸಿರು ಬಿಗಿಹಿಡಿದು ಕೂತಿದ್ದರು. ಮಿತಿ ನೂರು ಎಂದಿಟ್ಟುಕೊಂಡರೆ ಅಲ್ಲಿ ಬಂದದ್ದು ಒಂದಲ್ಲ, ಒಂದರ ಅರ್ಧಕ್ಕೂ ಕಡಿಮೆ. "ನಿಮ್ಮ ಮೀಟರ್ ಇನ್ನೂ ನಿದ್ದೆಗಣ್ಣಲ್ಲಿರಬೇಕು" ಎಂದು ಗೊಣಗಿ, ಹಾಲು ಕಾಯಿಸಿ ಬರುತ್ತೇನೆಂದು ಆಚೆ ಮನೆಗೆ ಹೋದರು.

ಸಾಮಾನಿನ ಕೋಣೆಯಲ್ಲಿ ಎರಡನೇ ಅಳತೆ. ಹಳೇ ಟ್ರಂಕು, ಮಡಚಿದ ಹಾಸಿಗೆ, ಗೋಡೆಗೆ ತಾಗಿಸಿದ ತೊಟ್ಟಿಲು. ಮೂರನೇ ನಿಮಿಷಕ್ಕೆ ಗೋಡೆಯಾಚೆಯಿಂದ ಒಂದು ಹೆಣ್ಣುದನಿ ಕೇಳಿಸುತ್ತದೆ: ಒಂದು, ಎರಡು, ಮೂರು, ಉಸಿರು ಬಿಡಿ. ಓರಗಿತ್ತಿ ಹಾಲು ಒಲೆಯ ಮೇಲಿಟ್ಟು ವ್ಯಾಯಾಮದ ವಿಡಿಯೊ ಹಾಕಿದ್ದಾರೆ. ಮೀಟರಿನ ಅಂಕಿ ಏರುತ್ತದೆ. ವಿಡಿಯೊ ನಿಂತಾಗ ಇಳಿಯುತ್ತದೆ, ಮತ್ತೆ ಉಸಿರು ಎಳೆದುಕೊಳ್ಳಿ ಎಂದಾಗ ಮತ್ತೆ ಏರುತ್ತದೆ. ಮೀಟರಮ್ಮ ಸ್ಟ್ಯಾಂಡನ್ನು ತೊಟ್ಟಿಲ ತಲೆಯ ಕಡೆಗೆ ಸರಿಸಿ ಇನ್ನೊಮ್ಮೆ ಆರು ನಿಮಿಷ ಕೂರಿಸುತ್ತಾರೆ. ಕಿಟಕಿಯ ಕೋಣೆಯಲ್ಲಿ ಬಂದದ್ದರ ಮೂರು ಪಟ್ಟು.

"ಆಚೆ ಗೋಡೇಲಿ ವೈಫೈ ಡಬ್ಬ ಇದೆಯಾ?"

"ಇದೆ ಮೇಡಂ. ಅಕ್ಕನದು. ಸರಿಯಾಗಿ ಇಲ್ಲೇ ಮೊಳೆ ಹೊಡೆದು ತಗಲಿಹಾಕಿದ್ದಾರೆ." ಬಾಣಂತಿಯ ಮುಖ ಸಣ್ಣದಾಗುತ್ತದೆ. "ಅಂದರೆ ಆರು ವಾರದಿಂದ ನಾನು ಇದರ ಬುಡಕ್ಕೇ ಕೂಸಿನ ತಲೆ ಇಟ್ಟಿದ್ದೆನಾ?"

"ಹೆದರಬೇಡ. ಒಲೆ ಹತ್ತಿರ ಕೂತರೆ ಬಿಸಿ ಜಾಸ್ತಿ, ದೂರ ಕೂತರೆ ಕಮ್ಮಿ. ಇದೂ ಹಾಗೇ. ಟವರ್ ದೊಡ್ಡದು, ದೂರ ಇದೆ. ಡಬ್ಬ ಚಿಕ್ಕದು, ಕಿವಿ ಪಕ್ಕ ಇದೆ. ಆದರೂ ಮಿತಿ ನೂರು ಅಂದರೆ ಇಲ್ಲಿ ಒಂದೂಕಾಲು ಇದೆ, ಅಷ್ಟೇ. ಕೂಸಿಗೆ ಈಗ ಬೇಕಾಗಿರೋದು ಗಾಳಿ."

ಬಾಣಂತಿ ಗೋಡೆಯ ಕಡೆ ನೋಡಿ ದನಿ ತಗ್ಗಿಸುತ್ತಾಳೆ. "ಮೇಡಂ, ಈ ಕೋಣೇದು ಬರೀಬೇಡಿ. ರಿಪೋರ್ಟ್ ಹೋಗೋದು ಅಕ್ಕನ ಹೆಸರಿಗೆ. ನನ್ನ ಮಗೂಗೋಸ್ಕರ ಮನೆಮನೆ ಅಲೆದು ಸಹಿ ತಂದವರು. ಇದು ತನ್ನ ಡಬ್ಬಾನೇ ಅಂತ ಗೊತ್ತಾದರೆ ಮತ್ತೆ ಕೂಸನ್ನ ಮುಟ್ಟಲ್ಲ ಅವರು. ಬೀದಿಯವರು ಆಡಿಕೊಳ್ಳೋದು ಬೇರೆ."

"ಅದಾಗಲ್ಲಮ್ಮ. ಅಳೆದಿದ್ದನ್ನ ಬಿಟ್ಟರೆ, ಬರೆದಿದ್ದನ್ನ ಯಾರು ನಂಬ್ತಾರೆ?" ಎನ್ನುತ್ತಾ ಮೀಟರಮ್ಮ ನಮೂನೆ ತೆಗೆಯುತ್ತಾರೆ. ಅಂಕಿಯನ್ನು ದುಂಡಗೆ ಬರೆಯುತ್ತಾರೆ. ಮೂಲ ಎಂಬ ಕಾಲಮಿನಲ್ಲಿ 'ಕಟ್ಟಡದೊಳಗಿನ ವೈಫೈ, ಟವರಿನದಲ್ಲ' ಎಂದು ಸೇರಿಸಿ ಬಾಣಂತಿಗೆ ತೋರಿಸುತ್ತಾರೆ. "ಇಷ್ಟು ನಿಜ ಬರೀಲೇಬೇಕು. ಯಾರದು ಅಂತ ಕೇಳೋ ಕಾಲಂ ಈ ನಮೂನೇಲಿಲ್ಲ. ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು."

ಈ ಹೊತ್ತಿಗೆ ಬೆಳಕು ಹರಿದಿದೆ. ಮೀಟರಮ್ಮನಿಗೆ ಇನ್ನೂ ಮೂರು ಮನೆ ಬಾಕಿ. ಆಸೆ ಏನಾದರೂ ಇದೆಯೇ ಎಂದರೆ ಉಂಡೆಯನ್ನು ಬಟ್ಟೆಯಲ್ಲಿ ಸುತ್ತುತ್ತಾ ನಗುತ್ತಾರೆ. "ನಮ್ಮಮ್ಮ ರಾತ್ರಿ ಫೋನನ್ನ ಸ್ಟೀಲ್ ಡಬ್ಬದಲ್ಲಿ ಹಾಕಿ ಮುಚ್ಚಳ ಮುಚ್ಚಿ ಮಲಗ್ತಾಳೆ. ಹನ್ನೊಂದು ವರ್ಷದಿಂದ ಹೇಳ್ತಾ ಇದ್ದೀನಿ, ನನ್ನ ಮಾತಿಗೆ ಬೆಲೆ ಇಲ್ಲ. ಒಂದು ದಿನ ಅವಳೂ ಆರು ನಿಮಿಷ ಕೂತು ನೋಡಬೇಕು. ಒಪ್ಪೋದು ಬೇಡ. ಕೂತರೆ ಸಾಕು."

ಓರಗಿತ್ತಿ ಹಾಲಿನ ಲೋಟಗಳನ್ನು ಹಿಡಿದು ಬರುವಾಗ ಬಾಣಂತಿ ಆಗಲೇ ತೊಟ್ಟಿಲನ್ನು ಬಾಗಿಲವರೆಗೆ ಎಳೆದುಕೊಂಡು ಬಂದಿದ್ದಾಳೆ.

"ಏನೇ ಇದು, ಎಲ್ಲಿಗೆ ಸವಾರಿ?"

"ಕಿಟಕಿ ಕೋಣೆಗೆ, ಅಕ್ಕ. ಅಲ್ಲೇ ಚೆನ್ನಾಗಿದೆಯಂತೆ. ಬಾಡಿಗೆ ಮನೆ ಬೇಡ ಅಂತ ಇವರಿಗೆ ಹೇಳಿಬಿಡ್ತೀನಿ. ಒಂದು ಕೈ ಕೊಡಿ."

ಓರಗಿತ್ತಿ ಲೋಟ ಕೆಳಗಿಟ್ಟು ಸೊಂಟ ಕೊಟ್ಟು ತೊಟ್ಟಿಲು ತಳ್ಳುತ್ತಾರೆ. "ಸದ್ಯ. ನೀವು ಹೋಗಿಬಿಟ್ಟರೆ ನಾನು ಯಾರಿಗೆ ನೀರು ಹಾಕಲಿ, ನಿಮ್ಮ ಭಾವನಿಗಾ? ಆ ಸಾಮಾನಿನ ಕೋಣೇಲಿ ಎಷ್ಟು ಬಂತು?"

"ಬರೆದುಕೊಂಡಿದ್ದಾರೆ ಅಕ್ಕ. ಎಲ್ಲೂ ಮಿತಿ ದಾಟಿಲ್ಲವಂತೆ."

ನಮ್ಮನ್ನು ಬೀಳ್ಕೊಡಲು ಬಾಣಂತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲವರೆಗೆ ಬರುತ್ತಾಳೆ. ಇದನ್ನೆಲ್ಲ ಪೇಪರಿಗೆ ಬರೆಯಬಹುದೇ ಎಂದು ನಾನು ಕೇಳಿದ್ದಕ್ಕೆ ಬರೆಯಿರಿ ಎನ್ನುತ್ತಾಳೆ. ಅಕ್ಕ ಪೇಪರಿನಲ್ಲಿ ನೋಡುವುದು ರಿಯಾಯಿತಿ ಮಾರಾಟದ ಜಾಹೀರಾತು ಮಾತ್ರವಂತೆ. ಅಕಸ್ಮಾತ್ ಓದಿದರೂ ಯಾರೋ ಪೆದ್ದಿಯ ಮನೆಯ ಕಥೆ ಎಂದು ನಗುತ್ತಾರಂತೆ.

"ನನ್ನ ಬಾಯಿಂದ ಮಾತ್ರ ಯಾರಿಗೂ ಹೇಳಲ್ಲ," ಎನ್ನುತ್ತಾಳೆ. ಒಳಗೆ ಓರಗಿತ್ತಿ ಕಿಟಕಿಯ ಬಾಗಿಲುಗಳನ್ನು ಒಂದೊಂದಾಗಿ ತೆರೆಯುವ ಸದ್ದು ಕೇಳುತ್ತಿದೆ. "ನಮ್ಮನೆಯವರಿಗೂ ಹೇಳಲ್ಲ. ಅವರ ಹೊಟ್ಟೇಲಿ ಮಾತು ನಿಲ್ಲಲ್ಲ."