ಕೋಲಿನ ತುದಿಯ ಕಪ್ಪು ಟೇಪು

ನಮ್ಮ ಮನೆಯಲ್ಲಿ ಜೇಡರ ಬಲೆ ಹೊಡೆಯುವ ಕೋಲೊಂದಿದೆ. ಬಾಗಿಲ ಹಿಂದೆ, ಕೊಡೆಗಳ ಪಕ್ಕದಲ್ಲಿ, ಶಿಕ್ಷೆಗೆ ನಿಲ್ಲಿಸಿದ ಮಗುವಿನ ಹಾಗೆ ಗೋಡೆಗೆ ಮುಖ ಮಾಡಿಕೊಂಡು ನಿಂತಿರುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಶನಿವಾರ ಬಂದರೆ ನೆನಪಾಗುವ, ಮಿಕ್ಕ ಆರು ದಿನ ಯಾರ ಕಣ್ಣಿಗೂ ಬೀಳದ ಸಾಮಾನು. ನಮ್ಮ ಕೋಲಿನ ವಿಶೇಷವೆಂದರೆ, ಅದರ ತುದಿಯಲ್ಲಿ, ಕುಚ್ಚು ಸಿಕ್ಕಿಸುವ ಜಾಗದ ಕೆಳಗೆ, ಗೇಣುದ್ದಕ್ಕೆ ಕಪ್ಪು ಟೇಪು ಸುತ್ತಿದೆ. ಕೊಬ್ಬರಿ ಎಣ್ಣೆ ಸವರಿ ಉಜ್ಜಿದರೆ ಅದರ ಅಂಟು ಬಿಡುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಹೊಸ ಪಾತ್ರೆಯ ಮೇಲಿನ ಚೀಟಿಯ ಅಂಟನ್ನೂ ಒಂದು ದಿನ ಉಳಿಯಗೊಡದ ಹೆಂಗಸು ನಾನು. ಆದರೂ ಈ ಟೇಪಿನ ತಂಟೆಗೆ ಹೋಗಿಲ್ಲ. ಯಾಕೆ ಹೋಗಿಲ್ಲ ಎಂದು ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅನ್ನಿಸಿ ಕೂತಿದ್ದೇನೆ. ಒಲೆಯ ಮೇಲೆ ಬೇಳೆ ಇದೆ, ಅದು ಬೇಯುವಷ್ಟು ಹೊತ್ತು ಬಿಡುವಿದೆ.

ಲಿಂಗರಾಜಪುರದಲ್ಲಿ ಮೊದಲ ಮಹಡಿಯ ಮನೆ ನಮ್ಮದು. ಯಜಮಾನರ ಆಫೀಸಿನ ಸಲುವಾಗಿ ದಾವಣಗೆರೆ ಬಿಟ್ಟು ಬಂದು ಇಪ್ಪತ್ತೆರಡು ವರ್ಷವಾಯಿತು. ಒಬ್ಬಳೇ ಮಗಳು, ಚಂದನಾ. ಡಿಗ್ರಿಯ ಕೊನೆಯ ವರ್ಷ. ಮೆತ್ತನೆಯ ಹುಡುಗಿ. ಶಾಲೆಯ ಫೋಟೋಗಳಲ್ಲೆಲ್ಲ ಯಾರದೋ ಭುಜದ ಹಿಂದಿನಿಂದ ಅವಳ ಅರ್ಧ ಮುಖ ಮಾತ್ರ ಇಣುಕುತ್ತದೆ. ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೂ 'ಇಳೀಬೇಕು' ಎಂದು ಕೂಗಲಾರದೆ, ಮುಂದಿನ ಸ್ಟಾಪಿನಲ್ಲಿ ಯಾರಾದರೂ ಇಳಿಯುವಾಗ ಅವರ ಹಿಂದೆ ಇಳಿದು, ಬಿಸಿಲಲ್ಲಿ ನಡೆದು ಬರುವವಳು. ಹಿಂದಿನ ವರ್ಷ ಕಾಲೇಜಿನಲ್ಲಿ ಮೂವರ ಗುಂಪು ಮಾಡಿ, ಚೀಟಿ ಎತ್ತಿ, ಇವಳನ್ನು ಒಂದು ಗುಂಪಿಗೆ ಲೀಡರ್ ಮಾಡಿದ್ದರಂತೆ. ಜ್ವರದ ನೆಪ ಹೇಳಿ ಆ ಹೊರೆಯನ್ನು ಇನ್ನೊಬ್ಬಳ ತಲೆಗೆ ದಾಟಿಸಿ ಬಂದಿದ್ದಳು. ಈ ವರ್ಷವೂ ಚೀಟಿ ಇವಳನ್ನೇ ಹುಡುಕಿಕೊಂಡು ಬಂತು. ಆರು ನಿಮಿಷದ ಒಂದು ವಿಡಿಯೋ ಮಾಡಿಕೊಡಬೇಕು, ಗುಂಪಿನ ಮೂವರಿಗೂ ಅದೇ ಪರೀಕ್ಷೆ. ಈ ಸಲ ನೆಪ ಹೇಳದೆ ಒಪ್ಪಿಕೊಂಡು ಬಂದವಳು, ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಇದೂ ಕೈತಪ್ಪಿದರೆ ಈ ಹುಡುಗಿ ಮತ್ತೆಂದೂ ಮುಂದೆ ಬಂದು ನಿಲ್ಲಲಾರಳು ಎಂದು ನನಗೂ ಚಿಂತೆ ಹತ್ತಿತು.

ವಿಷಯ 'ಒಂದು ಮನೆಯ ಬೆಳಗು'. ಯಾರ ಮನೆಯೇ ಎಂದರೆ, "ನಮ್ಮನೇನೇ ಅಮ್ಮ. ನೀನೇ" ಅಂದಳು. ನಗು ಬಂತು. ನನ್ನ ಬೆಳಗಿನಲ್ಲಿ ನೋಡುವಂಥದ್ದು ಏನಿದೆ ಹೇಳಿ? ಬಾಗಿಲಿಗೆ ನೀರು, ರಂಗೋಲಿ, ಹಾಲು, ಸ್ನಾನ, ದೇವರು, ತಿಂಡಿ. ಆದರೂ ಮಗಳ ಪರೀಕ್ಷೆಗೆ ನಾನೇ ಪಠ್ಯಪುಸ್ತಕವಾಗುವ ಯೋಗ ಎಷ್ಟು ತಾಯಂದಿರಿಗೆ ಸಿಗುತ್ತದೆ ಎಂದುಕೊಂಡು ಒಪ್ಪಿದೆ.

ಗುರುವಾರ ಬೆಳಿಗ್ಗೆ ಕ್ಯಾಮೆರಾ ಬಂತು. ಕಾಲೇಜಿನದು, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ವಾಪಸು ಒಪ್ಪಿಸಬೇಕು. ಅದನ್ನು ಹಿಡಿಯುವವಳು ಶಿವಾಜಿನಗರದ ನಾಜ್ನೀನ್. ಧ್ವನಿಯ ಉಸ್ತುವಾರಿ ಕಮ್ಮನಹಳ್ಳಿಯ ಸ್ಟೆಲ್ಲಾಳದು. ಮೈಕನ್ನು ನನ್ನ ತಲೆಯ ಮೇಲೆ ಹಿಡಿಯಲು ಉದ್ದನೆಯ ಕೋಲು ಬೇಕೆಂದು ಮನೆಯೆಲ್ಲ ಹುಡುಕಿ, ಕಡೆಗೆ ಬಾಗಿಲ ಹಿಂದಿನ ಕೋಲನ್ನು ಎಳೆದು, ಕುಚ್ಚು ಕಿತ್ತು, ಕಪ್ಪು ಟೇಪಿನಿಂದ ಮೈಕು ಸುತ್ತಿದವಳು ಅವಳೇ. ಅಲ್ಲಿಯವರೆಗೆ ಬರೀ ಧೂಳು ಕಂಡಿದ್ದ ಕೋಲಿಗೆ ಅವತ್ತು ಕಿವಿ ಬಂತು.

ಅವತ್ತಿನ ಫಜೀತಿ ದೀಪದ್ದು. ನಾನು ದೀಪ ಹಚ್ಚಿದೆ. "ಆಂಟಿ, ಅದನ್ನ ಆಫ್ ಮಾಡಿ ಇನ್ನೊಂದ್ ಸಲ ಹಚ್ತೀರಾ?" ಎಂದಳು ಸ್ಟೆಲ್ಲಾ. ದೇವರ ಮುಂದೆ ಹಚ್ಚಿದ ದೀಪವನ್ನು ನನ್ನ ಕೈಯಾರೆ ಆರಿಸುವುದುಂಟೆ? ಒಳಗಿನಿಂದ ಇನ್ನೊಂದು ಹಣತೆ ತಂದು ಹಚ್ಚಿದೆ. ಮತ್ತೊಂದು ಸಲ ಅಂದರು, ಮತ್ತೊಂದು ತಂದೆ. ಆಫೀಸಿಗೆ ಹೊರಟ ಯಜಮಾನರು ಸಾಲಾಗಿ ಉರಿಯುತ್ತಿದ್ದ ಏಳು ದೀಪ ನೋಡಿ, "ಏನೇ ಇದು, ಈ ಸಲ ಕಾರ್ತಿಕ ಬೇಗ ಬಂತಾ?" ಎಂದು ಕೇಳಿ ಹೋದರು. ಸಂಜೆಯ ಹೊತ್ತಿಗೆ, ದೂರದಿಂದ ತೆಗೆಯುವುದೆಲ್ಲ ಮುಗಿಯಿತು, ನಾಳೆ ಹತ್ತಿರದಿಂದ ಕೈ, ದೀಪ, ಹೂವು ಇಷ್ಟು ತೆಗೆದರೆ ಆಯಿತು ಎಂದು ಹುಡುಗಿಯರು ಹರ್ಷದಿಂದ ಹೋದರು.

ಶುಕ್ರವಾರ ಚಂದನಾ ಬೆಳಗಾಗುತ್ತಲೇ ನಾಜ್ನೀನಳನ್ನೂ ಕ್ಯಾಮೆರಾವನ್ನೂ ಕರೆತರಲು ಶಿವಾಜಿನಗರಕ್ಕೆ ಹೋದಳು. ನಾನು, ಮಕ್ಕಳು ಬರುವ ಮೊದಲು ಮನೆ ಲಕ್ಷಣವಾಗಿರಲಿ ಎಂದು ಎಂದಿನದಕ್ಕಿಂತ ಒಂದು ಕೈ ಮೇಲಾಗಿಯೇ ಎಲ್ಲ ಮಾಡಿದೆ. ಅವರು ಬಂದರು. ನಾಜ್ನೀನ್ ಕ್ಯಾಮೆರಾದಲ್ಲಿ ಹಿಂದಿನ ದಿನದ ಚಿತ್ರ ತೆರೆದು, ಒಮ್ಮೆ ಅದನ್ನು, ಒಮ್ಮೆ ದೇವರ ಗೂಡನ್ನು ನೋಡಿದಳು.

"ಆಂಟಿ, ಆ ಹಳದಿ ಸೇವಂತಿಗೆ ಎಲ್ಲಿ?"

"ನಿನ್ನೆದಲ್ವೇನಮ್ಮ, ತೆಗೆದೆ. ಇವತ್ತು ಕನಕಾಂಬರ."

"ದೀಪ ಏನು ಇಷ್ಟು ಹೊಳೀತಿದೆ?"

"ಶುಕ್ರವಾರ ಅಲ್ವಾ, ಹುಣಸೆಹಣ್ಣು ಹಾಕಿ ಉಜ್ಜಿದೆ."

"ನಿನ್ನೆ ಸೀರೆ?"

"ಸೋಪಿನಪುಡೀಲಿ ನೆನೆಸಿಟ್ಟಿದೀನಿ."

ಸ್ಟೆಲ್ಲಾ ಬಾಗಿಲವರೆಗೆ ಹೋಗಿ ಬಂದು, "ರಂಗೋಲಿನೂ ಬೇರೆ ಮಗಾ" ಎಂದು ಚಂದನಾಳಿಗೆ ವರದಿ ಒಪ್ಪಿಸಿದಳು.

ಆಗ ನನಗೆ ಅವರ ಕೆಲಸದ ಗುಟ್ಟು ತಿಳಿಯಿತು. ಎರಡು ದಿನ ತೆಗೆದದ್ದನ್ನು ಜೋಡಿಸಿ ಒಂದೇ ಬೆಳಗು ಎಂದು ತೋರಿಸುತ್ತಾರೆ. ಹಾಗೆ ತೋರಬೇಕಾದರೆ ನಿನ್ನೆಯ ಹೂವು, ನಿನ್ನೆಯ ಸೀರೆ, ನಿನ್ನೆಯ ಮಸಿ ಎಲ್ಲ ಇದ್ದಲ್ಲೇ ಇರಬೇಕು. ಕಂಟಿನ್ಯೂಯಿಟಿ ಅನ್ನುತ್ತಾರಂತೆ. ನನ್ನ ಜನ್ಮದ ಅಭ್ಯಾಸವೋ ಇದಕ್ಕೆ ನೇರ ಎದುರು: ಎದ್ದವಳೇ ನಿನ್ನೆಯದನ್ನೆಲ್ಲ ಗುಡಿಸಿ, ತೊಳೆದು, ಉಜ್ಜಿ, ದಿನವನ್ನು ಮೊದಲಿಂದ ಶುರು ಮಾಡುವುದೇ ಗೃಹಿಣಿಯ ಧರ್ಮ ಎಂದು ನಂಬಿದವಳು. ಒಂದೇ ಒಂದು ಕೆಲಸವೂ ತಪ್ಪದ ಹಾಗೆ ಮಾಡಿ ಮಗಳ ಪರೀಕ್ಷೆ ಕೆಡಿಸಿದ್ದೆ.

ಚಂದನಾ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೆಲದ ಮೇಲೆ ಕೂತು, "ನಿನಗೆ ಹೇಳಬೇಕಾಗಿದ್ದವಳು ನಾನು. ಹೇಳಲಿಲ್ಲ" ಅಂದಳು. ಆಮೇಲೆ ಮೆಲ್ಲಗೆ, "ಮಿಸ್‌ಗೆ ಫೋನ್ ಮಾಡ್ತೀನಿ, ಬೇರೆ ಯಾರನ್ನಾದ್ರೂ ಲೀಡರ್ ಮಾಡಿ ಅಂತ" ಎಂದು ಫೋನು ಕೈಗೆತ್ತಿಕೊಂಡಳು.

ನನಗೆ ತಡೆಯಲಾಗಲಿಲ್ಲ. ಬಾಲ್ಕನಿಗೆ ಹೋದೆ. ನಿರ್ಮಾಲ್ಯವನ್ನು ಯಾರೂ ತುಳಿಯಬಾರದೆಂದು ದಾಸವಾಳದ ಕುಂಡದ ಬುಡಕ್ಕೆ ಹಾಕುವುದು ನನ್ನ ಪದ್ಧತಿ. ಬಾಡಿದ ಸೇವಂತಿಗೆ ಅಲ್ಲೇ ಇತ್ತು. ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿಕೊಂಡೆ. ಮದುವೆಯಲ್ಲಿ ತವರಿನವರು ಕೊಟ್ಟ ಹಿತ್ತಾಳೆಯ ಅನ್ನಪೂರ್ಣೆಯ ಮುಂದೆ ಬಂದು ನಿಂತು, ಕನಕಾಂಬರ ತೆಗೆದು, 'ತಾಯಿ, ಒಂದು ಗಳಿಗೆ ಕಣ್ಣು ಮುಚ್ಚಿಕೋ, ತಪ್ಪು ನನ್ನದು' ಎಂದು ಮನಸ್ಸಿನಲ್ಲೇ ಬೇಡಿಕೊಂಡು, ಆ ಹಳೆಯ ಹೂವನ್ನು ಎತ್ತಿದೆ. ಉಪವಾಸ ಮಾಡು ಎಂದರೆ ನಗುತ್ತ ಮಾಡಿಬಿಡುವ ನನಗೆ ಒಂದು ಬಾಡಿದ ಹೂವು ಅಷ್ಟು ಭಾರವಾಗಿತ್ತು.

"ಬೇಡಮ್ಮ."

ಹಿಂದಿನಿಂದ ಬಂದ ಧ್ವನಿ ಚಂದನಾಳದೇ ಎಂದು ನನಗೆ ತಕ್ಷಣ ಗೊತ್ತಾಗಲಿಲ್ಲ. "ತೆಗೆದ ಹೂವನ್ನ ನೀನು ಯಾವತ್ತೂ ಮತ್ತೆ ಇಟ್ಟವಳಲ್ಲ. ಇವತ್ತು ಇಟ್ಟರೆ ಅದು ನಿನ್ನ ಬೆಳಗೇ ಆಗಲ್ಲ. ನಾವು ತೆಗೀತಿರೋದು ನಿನ್ನ ಬೆಳಗು ತಾನೇ?"

ನಾಜ್ನೀನ್ ಕ್ಯಾಮೆರಾ ಕೆಳಗಿಟ್ಟಳು. "ಹೌದು ಆಂಟಿ. ನಮಾಜಿಗೆ ಮುಂಚೆ ನಾವು ಕೈಕಾಲು ಮುಖ ತೊಳೀತೀವಲ್ಲ, ಅದು ಕೆಟ್ಟರೆ ಮಧ್ಯದಿಂದ ಹಿಡಿಯೋ ಹಾಗಿಲ್ಲ. ಮೊದಲಿಂದಾನೇ ತೊಳೀಬೇಕು. ಇದೂ ಹಾಗೇ ಮಾಡೋಣ."

"ಮೊದಲಿಂದ ಅಂದ್ರೆ ನಾಳೆ" ಎಂದಳು ಸ್ಟೆಲ್ಲಾ. "ಹನ್ನೆರಡಕ್ಕೆ ಕ್ಯಾಮೆರಾ ಒಪ್ಪಿಸ್ಬೇಕು. ಒಂದೇ ಚಾನ್ಸು ಕಣೇ."

"ನಮಗೆ ಬೇಕಾಗಿರೋದೂ ಒಂದೇ ಬೆಳಗು" ಅಂದಳು ನನ್ನ ಮಗಳು, ಫೋನು ಪಕ್ಕಕ್ಕಿಟ್ಟು.

ಹಳೆಯ ಹೂವು ಕುಂಡಕ್ಕೆ ವಾಪಸಾಯಿತು. ಕೈ ಕಾಲು ತೊಳೆದು ಬಂದು ತಾಯಿಗೆ ಹೊಸ ಮಲ್ಲಿಗೆ ಮುಡಿಸಿ, ಕಾಯಿಸಿದ್ದಕ್ಕೆ ಕ್ಷಮೆ ಕೇಳಿದೆ.

ಶನಿವಾರ ಆರು ಗಂಟೆಗೆಲ್ಲ ಮೂವರೂ ಸಿದ್ಧ. ಕೋಲು ಹಿಡಿದು ಸ್ಟೆಲ್ಲಾಳ ತೋಳು ಸೋತಿತ್ತು. "ಅಪ್ಪಾ, ನೀವು ಹಿಡೀರಿ" ಎಂದು ಚಂದನಾ ಹೇಳಿದ ರೀತಿಗೆ ಯಜಮಾನರು ಪೇಪರು ಮಡಿಸಿಟ್ಟು ಬನಿಯನ್ನಿನಲ್ಲೇ ಎದ್ದು ಬಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಲನ್ನು ಅವರು ಮುಟ್ಟಿದ್ದು ಅದೇ ಮೊದಲು. ಮುಟ್ಟಿಸಲು ಇಷ್ಟೆಲ್ಲ ಬೇಕಾಯಿತು. ನನಗಾದ ಅಪ್ಪಣೆ: "ಅಮ್ಮ, ನಮ್ಮ ಕಡೆ ನೋಡಬೇಡ. ಏನನ್ನೂ ಎರಡನೇ ಸಲ ಮಾಡಬೇಡ. ತಪ್ಪಾದ್ರೆ ತಪ್ಪೇ ಇರಲಿ."

ನೀರು ಹಾಕಿದೆ, ರಂಗೋಲಿ ಇಟ್ಟೆ. ಕ್ಯಾಮೆರಾದ ಭಯದಲ್ಲಿ ಹಾಲು ಮರೆತೆ, ಉಕ್ಕಿತು, ಇರಲಿ. ಕೆಳಗೆ ಹೂವಿನ ಮುನಿಯಮ್ಮ ಕೂಗಿದಳು. ಎಂದಿನಂತೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟೆ. ತಲೆ ಎತ್ತಿದವಳು ಕ್ಯಾಮೆರಾ ಕಂಡು, ಬೀದಿಗೆಲ್ಲ ಕೇಳುವ ಹಾಗೆ, "ಏನಕ್ಕಾ, ಸಿನಿಮಾನಾ? ಒಂದ್ ಮಾತ್ ಹೇಳ್ಬಾರ್ದಾ, ನಾನೂ ಪೌಡ್ರು ಬಳ್ಕೊಂಡ್ ಬರ್ತಿದ್ನಲ್ಲ!" ಅಂದಳು. ಮೈಕಿನ ಕೋಲು ಅಲ್ಲಾಡಿತು; ಯಜಮಾನರು ನಗುತ್ತಿದ್ದರು. ಒಂದೇ ದೀಪ ಹಚ್ಚಿದೆ, ಒಂದೇ ಸಲ.

ದೇವರು ಕೊಟ್ಟ ದೊಡ್ಡ ವರಗಳನ್ನು ಎಣಿಸುವವರು ಬಹಳ ಮಂದಿ, ನಾನು ಚಿಲ್ಲರೆಯವಳು. ಅವತ್ತು ಕರೆಂಟು ಹೋಗಲಿಲ್ಲ. ಪಕ್ಕದ ಕಟ್ಟಡದ ಡ್ರಿಲ್ಲಿಂಗ್ ಮೆಷೀನು ಪೂಜೆ ಮುಗಿದ ಮೇಲೆಯೇ ಬಾಯಿ ತೆರೆಯಿತು. ಹುಡುಗಿಯರು ಸ್ಟಾಪಿಗೆ ಹೋಗುವಷ್ಟರಲ್ಲಿ ಬಸ್ಸು ಬಂತು. ಕ್ಯಾಮೆರಾ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕಾಲೇಜು ತಲುಪಿತು. ಲೆಕ್ಕ ಹಾಕಿ, ನಾಲ್ಕು ಕೃಪೆ ಒಂದೇ ಬೆಳಿಗ್ಗೆ.

ಭಾನುವಾರ ಮಧ್ಯಾಹ್ನ ಚಂದನಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಜೋಡಣೆಗೆ ಕೂತಿದ್ದವಳು, ಏನನ್ನೋ ಕೇಳುತ್ತ ಕೆಲಸ ನಿಲ್ಲಿಸಿದಳು. ನಂತರ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದಳು. ನಮ್ಮ ಮನೆಯದೇ ಸದ್ದು: ಫ್ರಿಜ್ಜಿನ ಗುನುಗು, ಕಿಟಕಿಯ ಸಜ್ಜದ ಮೇಲಿನ ಪಾರಿವಾಳ, ಬಳೆ. ಅವುಗಳ ನಡುವೆ, ನಾನು ತುಟಿಯೊಳಗೇ ಹೇಳಿಕೊಂಡಿದ್ದೆ ಎಂದು ನಂಬಿದ್ದ ಮಾತು ಸ್ಪಷ್ಟವಾಗಿ ಬಂತು. 'ನನ್ನ ಚಂದನಾಗೆ ಒಂದಿಷ್ಟು ಧೈರ್ಯ ಕೊಡು ತಾಯಿ. ಹೆದರುಪುಕ್ಕಲಿ, ನೀನೇ ಕಾಯಬೇಕು.'

ಅವಳು ಒಂದನೇ ಕ್ಲಾಸಿನಲ್ಲಿ ಶಾಲೆಯ ಗೇಟು ಹಿಡಿದುಕೊಂಡು ಅತ್ತ ದಿನದಿಂದ, ತಪ್ಪದೆ ದಿನಾ ಬೆಳಿಗ್ಗೆ ಕೇಳಿಕೊಂಡು ಬಂದ ಮಾತು ಅದು. ಅವಳು ಹೆಡ್‌ಫೋನು ತೆಗೆದು, ಕಣ್ಣು ಒರೆಸಿಕೊಂಡು, "ಇದನ್ನ ಸಿನಿಮಾದಲ್ಲಿ ಹಾಕಲ್ಲ, ಇದು ನಮ್ಮಿಬ್ಬರದು" ಅಂದಳು. ಆಮೇಲೆ ನಕ್ಕು, "ಆದ್ರೆ ಅಮ್ಮ, ಇನ್ನು ಮೇಲೆ ಬೇರೆ ಏನಾದ್ರೂ ಕೇಳು. ಅದನ್ನ ಕೊಟ್ಟಾಗಿದೆ."

ನೋಡಿ, ಹೂವು ತೆಗೆದೆ, ದೀಪ ಉಜ್ಜಿದೆ, ಸೀರೆ ನೆನೆಸಿದೆ. ನಿನ್ನೆಯದೊಂದನ್ನೂ ಉಳಿಸದವಳು ಎಂದು ಜಂಬ ಪಟ್ಟೆ. ಆದರೆ ಶಾಲೆಯ ಗೇಟಿನ ಹತ್ತಿರ ಅಳುತ್ತಿದ್ದ ಆ ಹುಡುಗಿಯನ್ನು ಇಷ್ಟು ವರ್ಷ ಒಂದು ದಿನವೂ ತೆಗೆಯದೆ ದೇವರ ಮುಂದೆ ಇಟ್ಟುಕೊಂಡೇ ಬಂದಿದ್ದೆ. ಪ್ರೀತಿಯಿಂದಲೇ ಇಟ್ಟದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಪ್ರೀತಿಯಿಂದ ಇಟ್ಟ ಹೂವೂ ಮಾರನೆಯ ಬೆಳಿಗ್ಗೆ ತೆಗೆಯಬೇಕಾದದ್ದೇ. 'ಬೇಡಮ್ಮ' ಎಂದು ನನ್ನನ್ನು ತಡೆದ ಶುಕ್ರವಾರದ ಹುಡುಗಿ ಹೆದರುಪುಕ್ಕಲಿ ಅಲ್ಲ. ಅವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು, ನಾನು ಮಾತ್ರ ಶನಿವಾರವೂ ಹಳೆಯವಳ ಪರವಾಗಿ ಬೇಡುತ್ತಿದ್ದೆ.

ವಿಡಿಯೋಗೆ ಸಿಕ್ಕ ಅಂಕ ಬಹಳ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಗೋಡೆಯ ಮೇಲೆ ಒಂದು ಕಡೆ ಕೋಲಿನ ನೆರಳು ಬಿದ್ದಿದೆ, ಒಂದು ಕಡೆ ಕುಕ್ಕರಿನ ಸೀಟಿ ಮಾತನ್ನು ನುಂಗಿದೆ ಎಂದು ಮೇಷ್ಟ್ರಮ್ಮ ಒಂದಿಷ್ಟು ಕಳೆದರಂತೆ. ಮುನಿಯಮ್ಮನ ಪೌಡ್ರಿನ ಮಾತಿಗೆ ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಪ್ರಶ್ನೆ ಕೇಳುವಾಗ ಎದ್ದು ಮುಂದೆ ಬಂದು ಉತ್ತರ ಹೇಳಿದವಳು ಚಂದನಾ. ಇದನ್ನು ನನಗೆ ಹೇಳಿದ್ದು ಸ್ಟೆಲ್ಲಾ. ಚಂದನಾ ಅದನ್ನು ಹೇಳಬೇಕಾದ ವಿಷಯ ಎಂದುಕೊಂಡೇ ಇರಲಿಲ್ಲ.

ಇವತ್ತು ಮತ್ತೆ ಶನಿವಾರ. ಬಲೆ ಹೊಡೆಯೋಣವೆಂದು ಬಾಗಿಲ ಹಿಂದೆ ಕೈ ಹಾಕಿದರೆ ಕೋಲಿಲ್ಲ. ಗೋಡೆಗೆ ಒಂದು ಚೀಟಿ: 'ಕೋಲು ತಗೊಂಡು ಹೋಗಿದೀನಿ. ಸಂಜೆ ತರ್ತೀನಿ.' ಪರೀಕ್ಷೆಯೆಲ್ಲ ಮುಗಿದಿದೆ. ಯಾವ ಚೀಟಿಯೂ ಎತ್ತದೆ, ಯಾರೂ ಹೇಳದೆ, ಮೂವರೂ ಸೇರಿ ಮುನಿಯಮ್ಮನ ಬೆಳಗನ್ನು ವಿಡಿಯೋ ತೆಗೆಯಲು ಅವಳ ಬೆನ್ನು ಹತ್ತಿ ಹಲಸೂರಿನ ಮಾರುಕಟ್ಟೆಗೆ ಹೋಗಿದ್ದಾರೆ. ಮುನಿಯಮ್ಮ ಈ ಸಲ ಪೌಡ್ರು ಹಾಕಿಕೊಂಡೇ ಹೋಗಿದ್ದಾಳೆ, ಬಾಲ್ಕನಿಯಿಂದ ನಾನೇ ನೋಡಿದೆ.

ಬೆಳಿಗ್ಗೆ ಆ ಚೀಟಿ ಓದಿ ಬಂದು ದೇವರಿಗೆ ಕೈ ಮುಗಿದು ನಿಂತಾಗ ಹಳೆಯ ಮಾತೇ ನಾಲಿಗೆಯ ತುದಿಗೆ ಬಂತು. ತಡೆದೆ. ಹೊಸದಾಗಿ ಏನು ಕೇಳುವುದೆಂದು ತೋಚದೆ ತಲೆ ಎತ್ತಿದರೆ, ದೇವರ ಗೂಡಿನ ಮೇಲಿನ ಮೂಲೆಯಲ್ಲಿ ಪುಟ್ಟದೊಂದು ಜೇಡ ಹೊಸ ಬಲೆ ನೇಯುತ್ತಿತ್ತು. ದೀಪದ ಬೆಳಕು ಒಂದೊಂದೇ ಎಳೆಯ ಮೇಲೆ ಹತ್ತಿ ಇಳಿಯಿತು. ಬೇರೆ ಶನಿವಾರವಾಗಿದ್ದರೆ ಅದಕ್ಕೆ ಉಳಿಗಾಲವಿರಲಿಲ್ಲ.

"ಸಂಜೆವರೆಗೂ ಇರು" ಎಂದೆ ಅದಕ್ಕೆ. "ಕೋಲು ಕೆಲಸಕ್ಕೆ ಹೋಗಿದೆ."