ಇನ್ನೂರ ಇಪ್ಪತ್ತೈದು ಅಡಿ

2003ರಲ್ಲಿ ನಾನು ಕುಂದಾಪುರದ ಟಾಕೀಸೊಂದರಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ಕಾರ್ಗಿಲ್ ಯುದ್ಧದ ಮೇಲೆ ತೆಗೆದ ಹಿಂದಿ ಸಿನಿಮಾ ಒಂದು ಬಂತು. ಬಹಳ ಉದ್ದದ ಚಿತ್ರ, ದಿನಕ್ಕೆ ನಾಲ್ಕು ಆಟ ಕೂರುತ್ತಿರಲಿಲ್ಲ. ಗುಂಡಿನ ಸದ್ದು ಕಡಿಮೆ ಇರುವ ಕಡೆಯೆಲ್ಲ ಕತ್ತರಿಸು ಎಂದರು ಮ್ಯಾನೇಜರ್. ಆಗ ಫಿಲಂ ನಿಮಿಷಕ್ಕೆ ತೊಂಬತ್ತು ಅಡಿ ಓಡುತ್ತಿತ್ತು. ಬೇಡದ ತುಂಡು ತೆಗೆದು ಎರಡು ತುದಿ ಅಂಟಿಸಿದರೆ ಮುಗಿಯಿತು, ನೋಡುವವರಿಗೆ ತಿಳಿಯುವುದಿಲ್ಲ. ನಾನು ಮೊದಲು ಕತ್ತರಿ ಹಾಕಿದ್ದು ಸೈನ್ಯದ ಅಡುಗೆಯವನ ದೃಶ್ಯಕ್ಕೆ. ಅನ್ನದ ಪಾತ್ರೆ ಬೆನ್ನಿಗೇರಿಸಿಕೊಂಡು ಅವನು ಗುಡ್ಡ ಹತ್ತುತ್ತಾನೆ. ಎರಡೂವರೆ ನಿಮಿಷದಲ್ಲಿ ಒಂದೇ ಒಂದು ಗುಂಡು, ಅದೂ ಅವನಿಗೇ. ಅಡುಗೆ ವಿಷಯ ತಾನೇ ಎಂದುಕೊಂಡು ಅದನ್ನು ಡಬ್ಬಿಗೆ ಹಾಕಿದೆ.

ಮೂರನೆಯ ದಿನ ಮ್ಯಾಟಿನಿ ಮುಗಿದ ಮೇಲೆ, ಹಂಗಾರಕಟ್ಟೆಯಲ್ಲಿ ಮೀನು ಮಾರುವ ಗುಲಾಬಕ್ಕ ಕ್ಯಾಬಿನ್ನಿಗೆ ಹತ್ತಿ ಬಂದರು. ಅವರ ಮಗ ಸೈನ್ಯದಲ್ಲಿ ಅಡುಗೆಯವನಾಗಿದ್ದು, ಅದೇ ಯುದ್ಧದಲ್ಲಿ ಮೇಲಿನ ಠಾಣೆಗೆ ಊಟ ಒಯ್ಯುವಾಗ ತೀರಿಕೊಂಡಿದ್ದ. ಊರಿನ ಕೆಲವರು ಅವನನ್ನು ಯೋಧನೆಂದು ಒಪ್ಪಿರಲಿಲ್ಲ. ಸೌಟು ಹಿಡಿದವ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಈ ಸಿನಿಮಾದಲ್ಲಿ ಅಂಥದೇ ದೃಶ್ಯವಿದೆ ಎಂದು ಮಗನ ಜತೆಗಾರನೊಬ್ಬ ಆಕೆಗೆ ಹೇಳಿದ್ದನಂತೆ.

“ಅನ್ನ ಹೊತ್ಕಂಡ್ ಹೋಪುದ್ ಇತ್ತಂಬ್ರ್. ಕಾಣ್ಲಿಲ್ಲ. ಎಂತ ಆಯ್ತ್ ಮಗಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಡಬ್ಬಿಯಿಂದ ತುಂಡು ತೆಗೆದು ಬಲ್ಬಿಗೆ ಹಿಡಿದು ತೋರಿಸಿದೆ. ಆಕೆಗೆ ಅದು ಸಾಲಲಿಲ್ಲ. ತಾನೊಬ್ಬಳೇ ನೋಡಿ ಏನು ಬಂತು, ಆಡಿಕೊಂಡವರು ನೋಡಬೇಕು ಎಂದರು.

“ಐತ್ವಾರ ಎಲ್ಲರ್ನೂ ಕರ್ಕಂಡ್ ಬತ್ತೆ.”

ಮ್ಯಾನೇಜರಿಗೆ ಹೇಳದೆ ಆ ಇನ್ನೂರ ಇಪ್ಪತ್ತೈದು ಅಡಿಯನ್ನು ಮತ್ತೆ ಸೇರಿಸಿದೆ. ಭಾನುವಾರದ ಮ್ಯಾಟಿನಿ ಹೌಸ್‌ಫುಲ್. ನೆರೆಹೊರೆಯ ಏಳೆಂಟು ಹೆಂಗಸರ ನಡುವೆ ಗುಲಾಬಕ್ಕ ಹೊಸ ಸೀರೆ ಉಟ್ಟು ಕೂತಿದ್ದರು. ಕ್ಯಾಬಿನ್ನಿನ ಕಿಂಡಿಯಿಂದ ನೋಡುತ್ತಿದ್ದ ನನಗೆ, ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಜಂಬವೂ ಇತ್ತು.

ಪಾತ್ರೆ ಹೊತ್ತ ಅಡುಗೆಯವನು ಪರದೆಯ ಮೇಲೆ ಬಂದದ್ದೇ ತಡ, ಮುಂದಿನ ಸಾಲಿನಲ್ಲಿ ಒಬ್ಬ ಕೂಗಿದ: “ಹ್ವಾಯ್ ಭಟ್ರೆ, ಇಲ್ಲ್ ಒಂಚೂರ್ ಸಾಂಬಾರ್.”

ಇಡೀ ಟಾಕೀಸು ನಕ್ಕಿತು. ಮುಂಬೈ ಹೋಟೆಲುಗಳಲ್ಲಿ ಸೌಟು ಹಿಡಿದೇ ಮನೆ ಕಟ್ಟಿಸಿದ ಊರು ನಮ್ಮದು. ನಕ್ಕವರಲ್ಲಿ ಅಂಥ ಮನೆಯವರಿಗೇನೂ ಕೊರತೆ ಇರಲಿಲ್ಲ. ಗುಲಾಬಕ್ಕ ಕರೆತಂದವರೂ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡರು. ಅವನು ಬಿದ್ದು ಸಾಯುವಾಗ, ಬೇಗ ಮುಗಿಸಿ ಎಂದು ಸಿಳ್ಳೆ ಬಿತ್ತು. ಐದು ನಿಮಿಷದ ಮೇಲೆ ಹೀರೋ ಮಷಿನ್‌ಗನ್ ಎತ್ತಿದ. ಅದೇ ಜನ ಎದ್ದು ನಿಂತು ಜೈಕಾರ ಹಾಕಿದರು. ಅದನ್ನು ಕೇಳಿ ನನಗೆ ಹೇಸಿಗೆಯಾಯಿತು, ಈಗ ನೆನೆದರೂ ಆಗುತ್ತದೆ.

ಆಟ ಬಿಟ್ಟ ಮೇಲೆ ಗುಲಾಬಕ್ಕ ಒಬ್ಬರೇ ಮೇಲೆ ಬಂದರು. ಅಳುತ್ತಿರಲಿಲ್ಲ.

“ಮಗಾ, ನೀ ಕತ್ತರ್ಸಿದ್ದೇ ಲಾಯ್ಕಿತ್.”

ಕತ್ತರಿ ಮ್ಯಾನೇಜರ ಕೈಯಲ್ಲಿದೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಯಾರು ಸತ್ತರೆ ಯೋಧ, ಯಾರು ಸತ್ತರೆ ತಮಾಷೆ ಎಂದು ತೀರ್ಮಾನಿಸುವವರು ಟಿಕೆಟ್ ಕೊಂಡು ಕೂತವರು. ಆ ಕೆಲಸ ನನಗೆ ಕಲಿಸಿದ್ದು ಇದನ್ನೇ. ಮುಂದಿನ ಆಟಕ್ಕೆ ಮೊದಲು ಆ ತುಂಡನ್ನು ಮತ್ತೆ ಕತ್ತರಿಸಿದೆ. ಈ ಸಲ ಮ್ಯಾನೇಜರ್ ಹೇಳಿರಲಿಲ್ಲ.