ಹೊರಗೆ ಹೋಗುವವರಿಗೊಂದು ಸೆನ್ಸರ್

ಧನಕವಡಿಯ ಆ ಓಣಿಯಲ್ಲಿ ರೇಣು ಎಂದರೆ ಸೀರೆಗೆ ಫಾಲ್ ಹಚ್ಚುವ ರೇಣು. ವಿಜಾಪುರ ಕಡೆಯ ಮನೆತನ. ಮಾವ ರವಿವಾರ ಪೇಠೆಯ ಅಡತಿ ಅಂಗಡಿಗೆ ಗುಮಾಸ್ತರಾಗಿ ಪುಣೆಗೆ ಬಂದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಗಂಡ ಶಿವರಾಜ ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಕಂಪನಿ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅವನ ಅರ್ಧ ಜೀವ ಹೋಗುತ್ತಿತ್ತು. ಹಗಲೆಲ್ಲ ಮನೆಯಲ್ಲಿ ಇಬ್ಬರೇ: ರೇಣು ಮತ್ತು ಅವಳ ಅತ್ತೆ ಶಿವಗಂಗವ್ವ.

ಶಿವಗಂಗವ್ವನಿಗೆ ಮರೆವು ಹತ್ತಿದ್ದು 2005ರ ಸುಮಾರಿಗೆ. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು, ಅಷ್ಟೇ. ಆಮೇಲೆ ಮಧ್ಯಾಹ್ನದ ಚಹಾ ಮುಗಿದೊಡನೆ ಅಡುಗೆಮನೆಯ ಕೊಡವನ್ನು ಸೊಂಟಕ್ಕೇರಿಸಿ ಬೀದಿಗಿಳಿಯತೊಡಗಿದರು. ಮದುವೆಯಾಗಿ ಬಂದ ಹೊಸದರಲ್ಲಿ ಅವರಿದ್ದ, ಹತ್ತಾರು ಸಂಸಾರಗಳ ವಾಡೆಯಲ್ಲಿ ನಳಕ್ಕೆ ನೀರು ಬರುತ್ತಿದ್ದದ್ದು ಆ ಹೊತ್ತಿಗೆ.

“ನಳ ಬರೂ ಹೊತ್ತಾತು, ರೇಣೂ. ಪಾಳಿ ತಪ್ಪತದ.”

“ಅತ್ಯಾರ, ಮನಿಯೊಳಗ ನೀರದಾವ್ರಿ.”

“ನಿನಗ ತಿಳಿಯೂದಿಲ್ಲ.”

ರೇಣುವಿನ ಹೊಲಿಗೆ ಮಶೀನು ಹಿಂದಿನ ಕೋಣೆಯಲ್ಲಿತ್ತು. ಅದು ಓಡುವಾಗ ಬಾಗಿಲು ತೆಗೆದದ್ದು ಕೇಳಿಸುತ್ತಿರಲಿಲ್ಲ. ಒಮ್ಮೆ ಅತ್ತೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ಇನ್ನೊಮ್ಮೆ ಸ್ವಾರಗೇಟಿನಿಂದ ಯಾರೋ ರಿಕ್ಷಾದವನು ಕೇಳುತ್ತ ಕೇಳುತ್ತ ಕರೆತಂದು ಬಿಟ್ಟ. ಬಾಗಿಲಿಗೆ ಕೀಲಿ ಹಾಕಿ ನೋಡಿದರು. ಮುದುಕಿ ಕೊಡದಿಂದ ಬಾಗಿಲು ಕುಟ್ಟಿ ಕುಟ್ಟಿ ಅತ್ತರು, ಓಣಿಯ ಮಂದಿ ಬಂದು ಸೇರಿದರು. ಆ ಸಂಜೆ ಶಿವರಾಜ ಕೀಲಿ ಕಿತ್ತು ಎತ್ತಿಟ್ಟ. “ಅವ್ವನ್ನ ಹಿಂಗ ಕೂಡಿ ಹಾಕೂದು ನನ್ನ ಕೈಲೆ ಆಗೂದಿಲ್ಲ” ಎಂದ. ಅವನ ಕೈಲಾಗದ್ದನ್ನೆಲ್ಲ ಮಾಡಲು ಮನೆಯಲ್ಲಿ ಉಳಿಯುತ್ತಿದ್ದವಳು ರೇಣು.

ಸೆನ್ಸರ್ ಹಾಕಿಸುವ ವಿಚಾರ ಶಿವರಾಜನದೇ. ಎದುರಿಗೆ ಯಾರಾದರೂ ಸುಳಿದರೆ ಅವರ ಮೈಬಿಸಿ ಗುರುತಿಸಿ ಒಳಗೆ ಗಂಟೆ ಹೊಡೆಯುತ್ತದೆ, ಅಂಥದ್ದನ್ನು ಕಾರ್ಖಾನೆಯ ಆಫೀಸಿನಲ್ಲಿ ನೋಡಿದ್ದ. ಪೇಟೆಯಿಂದ ಒಂದನ್ನು ತಂದ. ಕೂರಿಸಲು ಸ್ವಪ್ನಿಲ್ ಎಂಬ ಎಲೆಕ್ಟ್ರಿಶಿಯನ್ ಬಂದ. ಬಂದವನೇ ಅದನ್ನು ಗೇಟಿನ ಕಂಬಕ್ಕೆ ರಸ್ತೆಯ ಕಡೆ ಮುಖ ಮಾಡಿ ಹಿಡಿದ.

“ವಹಿನಿ, ಕಳ್ಳ ಬರೋದು ರಸ್ತೆಯಿಂದ ತಾನೆ?” ಎಂದು ಮರಾಠಿಯಲ್ಲಿ ಕೇಳಿದ.

“ನಮಗೆ ಬರೋರ ಚಿಂತೆ ಇಲ್ಲಪ್ಪ, ಹೋಗೋರದು” ಎಂದು ರೇಣು ಮರಾಠಿಯಲ್ಲೇ ಹೇಳಿದಳು.

ಸ್ವಪ್ನಿಲ್ ಒಳಗೆ ನೋಡಿದ. ಶಿವಗಂಗವ್ವ ಕಾಲು ಚಾಚಿ ಕೂತು, ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದರು.  ಸೆನ್ಸರನ್ನು ಬಾಗಿಲ ಮೇಲೆ, ಮೆಟ್ಟಿಲುಗಳತ್ತ ನೋಡುವಂತೆ ಕೂರಿಸಿ ಹೋದ.

ಆ ವಾರ ರೇಣು ಮಶೀನಿನ ಮುಂದೆ ಕೂತದ್ದಕ್ಕಿಂತ ಎದ್ದು ಓಡಿದ್ದೇ ಹೆಚ್ಚು. ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಕಾದ ಸೀರೆ ಅಲುಗಿದರೆ ಗಂಟೆ. ಪಕ್ಕದ ಮನೆಯ ಬೆಕ್ಕು ಕಟ್ಟೆ ಹತ್ತಿದರೆ ಗಂಟೆ. ರಸ್ತೆಯಲ್ಲಿ ಟೆಂಪೋ ಹೋದರೂ ಗಂಟೆ. ಅತ್ತೆ ನಿಜವಾಗಿ ಹೊರಟಾಗ ಮಾತ್ರ ಅದು ತಡವಾಗಿ ಹೊಡೆಯಿತು. ರೇಣು ಗೇಟಿಗೆ ಬರುವಷ್ಟರಲ್ಲಿ ಅವರು ಓಣಿಯ ತಿರುವಿನಲ್ಲಿದ್ದರು.

ಸ್ವಪ್ನಿಲ್ ಮತ್ತೆ ಬಂದ. ಅವನು ಗೋಡೆಯ ಬೇರೆಬೇರೆ ಕಡೆ ಸೆನ್ಸರ್ ಹಿಡಿಯುವುದು, ರೇಣು ಕೊಡ ಹಿಡಿದು ಮೆಟ್ಟಿಲಿಳಿಯುವುದು, ಮತ್ತೆ ಹತ್ತುವುದು. ಎದುರು ಮನೆಯವರು ಗ್ಯಾಲರಿಯಿಂದ ಬಗ್ಗಿ ನೋಡಿದರು. ಸೆನ್ಸರಿನಿಂದ ನೇರ ದೂರ ನಡೆದರೆ ಅದಕ್ಕೆ ಬೇಗ ತಿಳಿಯುತ್ತಿರಲಿಲ್ಲ, ಅದರ ಮುಂದೆ ಅಡ್ಡ ಹಾದರೆ ಕೂಡಲೇ ಹೊಡೆಯುತ್ತಿತ್ತು. ಸೊಸೆಯ ಸೊಂಟದಲ್ಲಿ ಕೊಡ ಕಂಡು ಶಿವಗಂಗವ್ವ ಎದ್ದು ಬಂದರು.

“ನಳ ಬಂತೇನ?”

“ಇಲ್ರಿ ಅತ್ಯಾರ. ಬಂದ್ರ ಹೇಳ್ತೀನಿ.”

ಕೊನೆಗೆ ಅದು ಕೂತದ್ದು ಪಡಸಾಲೆಯ ಪಕ್ಕದ ಗೋಡೆಗೆ, ಸೊಂಟದೆತ್ತರದಲ್ಲಿ, ಮೆಟ್ಟಿಲಿಗೆ ಅಡ್ಡವಾಗಿ. ಅಲ್ಲಿ ಇಳಿಬಿಸಿಲು ಬೀಳುತ್ತಿರಲಿಲ್ಲ. ರಸ್ತೆ ಕಾಣದಂತೆ ಅದರ ಕಣ್ಣಿನ ಅರ್ಧಕ್ಕೆ ಸ್ವಪ್ನಿಲ್ ಕರಿ ಟೇಪು ಅಂಟಿಸಿದ. ಒಣಹಾಕುವ ಹಗ್ಗ ಮಾಳಿಗೆಗೆ ಹೋಯಿತು.

ಆಮೇಲೆ ಸುಳ್ಳು ಗಂಟೆ ನಿಂತಿತು. ಆದರೆ ಏಳುವುದು ನಿಲ್ಲಲಿಲ್ಲ. ಸೀರೆ ತರುವ ಗಿರಾಕಿ ಮೆಟ್ಟಿಲು ಹತ್ತಿದರೂ ಹೊಡೆಯುವುದು ಅದೇ ಗಂಟೆ. ಅತ್ತೆಯೋ ಗಿರಾಕಿಯೋ ಎದ್ದು ನೋಡದೆ ತಿಳಿಯುವಂತಿರಲಿಲ್ಲ. ಎದ್ದು, ಹಿಡಿದು, ಪುಸಲಾಯಿಸಿ ಒಳಗೆ ತಂದು, ಕೊಡ ಮೇಲಿಟ್ಟು ಬಂದು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮತ್ತೊಮ್ಮೆ. ಅವಳ ಮೊಣಕಾಲಲ್ಲಿ ನೋವು ಬಂದು ಕೂತಿತು. ಮಾತು ಕಡಿಮೆಯಾಯಿತು.

ಗೌರಿ-ಗಣಪತಿ ಹಬ್ಬ ಹತ್ತಿರ ಬಂದು ಸೀರೆಗಳು ರಾಶಿ ಬಿದ್ದಿದ್ದವು. ಒಂದು ಮಧ್ಯಾಹ್ನ ಗಂಟೆ ಹೊಡೆಯಿತು. ಮಶೀನು ನಿಲ್ಲಿಸಿದಾಗ ಅತ್ತೆಯ ಚಪ್ಪಲಿಯ ಸಪ್ಪಳವೂ ಕೇಳಿತು. ರೇಣು ಏಳಲಿಲ್ಲ. ಹೋಗಲಿ, ಎಲ್ಲಿಗಾದರೂ ಹೋಗಲಿ ಅನಿಸಿತು. ಕೈಯಲ್ಲಿದ್ದ ಸೀರೆಯ ಅಂಚನ್ನು ಪೂರ್ತಿ ಹೊಲಿದು ಮುಗಿಸಿದಳು. ದಾರ ಕತ್ತರಿಸಿ ಎದ್ದಳು. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಬಸ್ ಸ್ಟಾಪಿನಲ್ಲಿ ಅತ್ತೆ ಇರಲಿಲ್ಲ. ಕಿರಾಣಿ ಅಂಗಡಿಯವನು ನೋಡಿರಲಿಲ್ಲ. ಓಣಿಯ ಹಿಂದೆ ಹೊಸ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು, ಕಟ್ಟಡ ಕೆಲಸದ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಅವರ ನಡುವೆ ಶಿವಗಂಗವ್ವ, ಸೆರಗು ಸಿಗಿಸಿಕೊಂಡು, ಮುಂದಿನವಳ ಜೊತೆ ಮಾತಾಡುತ್ತ.

ರೇಣು ಕೈ ಹಿಡಿದು ಎಳೆಯಲು ಹೋದಳು. ಮುಂದಿದ್ದವಳು ತಡೆದಳು. ಅವಳ ಹೆಸರು ಅವ್ವಮ್ಮ, ಸೇಡಂ ಕಡೆಯಿಂದ ದುಡಿಯಲು ಬಂದವಳು. “ನಿಮ್ಮೋರೇನ್ರಿ ಅಕ್ಕೋರೆ? ಪಾಳಿದಾಗ ನಿಂತಾರ, ನಡಕ ಎಳೀಬ್ಯಾಡ್ರಿ. ನೀವು ಆ ಕಡಿ ಕುಂದರ್ರಿ.”

ರೇಣು ಇಟ್ಟಿಗೆ ರಾಶಿಯ ಮೇಲೆ ಕೂತಳು. ಅಳು ಬಂತು, ಯಾರೂ ನೋಡಲಿಲ್ಲ. ಅವ್ವಮ್ಮ ಮುದುಕಿಯ ಕೊಡಕ್ಕೆ ಎತ್ತಲಾಗುವಷ್ಟೇ ನೀರು ಬಿಟ್ಟಳು. ಶಿವಗಂಗವ್ವ ಅದನ್ನು ಹೊತ್ತು, ಯಾರ ಕೈಯನ್ನೂ ಹಿಡಿಯದೆ, ಸೀದಾ ಮನೆಗೆ ನಡೆದರು. ಆ ದಿನ ಮತ್ತೆ ಹೊರಗೆ ಹೊರಡಲಿಲ್ಲ.

ಆ ಸಂಜೆ ಶಿವರಾಜ ಶೂ ಬಿಚ್ಚುವ ಮೊದಲೇ ರೇಣು ಹೇಳಿದಳು: “ಗಂಟಿ ಹೊಡದ್ರ ಏಳೂದು ನಾ ಒಬ್ಬಾಕೀನ ಅಂತ ಎಲ್ಲೆರ ಬರದದೇನ್ರಿ? ನಿಮ್ಮ ಸೂಟಿ ದಿನ ನೀವು ಏಳ್ರಿ. ನಾ ಭಾಳ ದಣದೀನಿ.”

  ರಜೆಯ ದಿನ ಶಿವರಾಜ ಅವ್ವನ ಹಿಂದೆ ತಾನೇ ಟ್ಯಾಂಕರಿನವರೆಗೆ ಹೋದ. ಉಳಿದ ದಿನ ರೇಣು ಅತ್ತೆಯನ್ನು ತಡೆಯದೆ ಹಿಂದೆಯೇ ಹೋಗುತ್ತಿದ್ದಳು. ಅದೇ ಇಟ್ಟಿಗೆ ರಾಶಿ, ಅದೇ ಸಾಲು. ದಣಿವು ಹೋಗಲಿಲ್ಲ, ಜಗ್ಗಾಟ ಮಾತ್ರ ತಪ್ಪಿತು.

ಮುಂದಿನ ಬೇಸಿಗೆಗೆ ಕಟ್ಟಡ ಮುಗಿದು ಅವ್ವಮ್ಮನ ಮಂದಿ ಹಿಂಜವಾಡಿಯ ಕೆಲಸಕ್ಕೆ ಹೋದರು. ಶಿವಗಂಗವ್ವ ಕೆಲವು ದಿನ ಖಾಲಿ ಜಾಗದಲ್ಲಿ ನಿಂತು ನೋಡಿ ಬಂದರು. ಮಳೆಗಾಲದಲ್ಲಿ ಕಾಲಿನ ಬಲ ಹೋಗಿ ಹಾಸಿಗೆ ಹಿಡಿದರು. ರೇಣು ಮಶೀನನ್ನು ಅವರ ಮಂಚದ ಪಕ್ಕಕ್ಕೆ ಎಳೆದುಕೊಂಡಳು. ಅದರ ಸದ್ದಿಗೆ ಅತ್ತೆಗೆ ನಿದ್ದೆ ಹತ್ತುತ್ತಿತ್ತು. ನಿಲ್ಲಿಸಿದರೆ ಕಣ್ಣು ಬಿಡುತ್ತಿದ್ದರು. ಹಾಗಾಗಿ ಹೊಲಿಯಲು ಸೀರೆ ಇಲ್ಲದ ಮಧ್ಯಾಹ್ನಗಳಲ್ಲೂ ಅವಳು ಯಾವುದಾದರೂ ಹಳೆಯ ಬಟ್ಟೆಯ ಮೇಲೆ ಸೂಜಿ ಓಡಿಸುತ್ತ ಕೂತಿರುತ್ತಿದ್ದಳು.